ಒಬ್ಬರನ್ನು ನೋಡಿದ ಲೆಕ್ಕ

ರಾಯಚೂರಿನಲ್ಲಿ ನಾನು ಹೆಸರು ಹೇಳುವವರೆಗೆ ಬಾಡಿಗೆ ಮನೆಗಳು ಖಾಲಿಯೇ ಇರುತ್ತಿದ್ದವು. ಹೇಳಿದ ಕೂಡಲೇ ಮಾಲೀಕರ ಮಗನ ಮದುವೆ ಗೊತ್ತಾಗುತ್ತಿತ್ತು, ಇಲ್ಲವೇ ನಲ್ಲಿಯಲ್ಲಿ ನೀರು ನಿಂತುಹೋಗುತ್ತಿತ್ತು. ಮಾನ್ವಿಯಿಂದ ದಿನವೂ ಬಸ್ಸಿನಲ್ಲಿ ನಿಂತು ಬಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ನಾನು. ಇಷ್ಟೊಂದು ಆಕಸ್ಮಿಕಗಳನ್ನು ನಂಬುವಷ್ಟು ದಡ್ಡಿಯಲ್ಲ.

ಒಬ್ಬ ಮನೆಯೊಡತಿ ಮಾತ್ರ ನೇರವಾಗಿ ಹೇಳಿದರು.

"ಹಿಂದ ನಿಮ್ಮೋರಿಗೆ ಕೊಟ್ಟಿದ್ವಿರಿ. ಮನಿ ಹೊಲಸು ಮಾಡಿ ಹೋದ್ರು."

"ಎಷ್ಟು ಮಂದಿಗೆ ಕೊಟ್ಟಿದ್ರಿ?"

"ಒಬ್ರಿಗೇರಿ. ಒಬ್ರನ್ನ ನೋಡಿದ್ರ ಸಾಕಾಗಂಗಿಲ್ಲೇನು?"

ಆದರೂ ಕಾಲೇಜಿನ ಮೇಡಂ ಅಂತ ಕೊಟ್ಟರು. "ನಿಮ್ಮನ್ನ ನೋಡ್ತೀವಿ. ಚಲೋ ಇದ್ರ ಮುಂದನೂ ನಿಮ್ಮೋರಿಗೇ ಕೊಡ್ತೀವಿ" ಅಂದರು. ಬೀಗದ ಕೈ ಜೊತೆಗೆ ಊರಿನ ಮುಸಲ್ಮಾನರೆಲ್ಲರ ಮಾನವೂ ನನ್ನ ತಲೆಗೆ ಬಿತ್ತು.

ಆ ವಾರ ತರಗತಿಯಲ್ಲಿ, ದೇವದುರ್ಗದ ಬಸ್ಸು ಎಷ್ಟೆಷ್ಟು ತಡವಾಗಿ ಬಂತೆಂದು ಚೀಟಿಗಳಲ್ಲಿ ಬರೆಸಿ ಡಬ್ಬಿಗೆ ಹಾಕಿಸಿದೆ. ಹೆಚ್ಚಿನವು ತುಸು ತಡ, ಕೆಲವು ವಿಪರೀತ. ಒಬ್ಬೊಬ್ಬರೂ ಎರಡು ಚೀಟಿ ಎತ್ತಿ, ಸರಾಸರಿಗೆ ಬೋರ್ಡಿನ ಮೇಲೆ ಒಂದು ಚುಕ್ಕೆ ಇಟ್ಟರು. ಚುಕ್ಕೆಗಳು ದಿಕ್ಕೆಟ್ಟು ಹರಡಿ ಒಂದು ಬದಿಗೆ ಬಾಲ ಚಾಚಿಕೊಂಡವು. ಮೂವತ್ತು ಚೀಟಿ ಎತ್ತಿಸಿದಾಗ ಎಲ್ಲವೂ ನಡುವೆ ಸೇರಿ, ಎರಡೂ ಬದಿ ಸಮನಾಗಿ ಇಳಿದ ಭತ್ತದ ರಾಶಿಯಂತೆ ಕಂಡವು.

"ಕಡಿಮಿ ಎತ್ತಿದ್ರ ಒಂದು ಕೆಟ್ಟ ಚೀಟಿ ಸರಾಸರಿನ ಎಳಕೊಂಡು ಹೋಗ್ತದ. ಭಾಳ ಎತ್ತಿದ್ರ ಅದರ ಆಟ ನಡಿಯಂಗಿಲ್ಲ" ಎಂದೆ. ಹೇಳುವಾಗ ನನ್ನ ಬಾಡಿಗೆ ಮನೆ ನೆನಪಾಯಿತು. ಆ ಮನೆಯ ಡಬ್ಬಿಯಿಂದ ಎತ್ತಿದ ಎರಡನೆಯ ಚೀಟಿ ನಾನೇ. ನಾನು ಕೆಟ್ಟರೆ ಮುಂದೆ ಬರುವ ಯಾರಿಗೂ ಆ ಬಾಗಿಲು ತೆರೆಯುವುದಿಲ್ಲ.

ಹಾಗಾಗಿ ನೆಲವನ್ನು ಸವೆಯುವಂತೆ ಉಜ್ಜಿದೆ. ಮಾಂಸ ತರಲಿಲ್ಲ, ನೆಂಟರನ್ನು ಕರೆಯಲಿಲ್ಲ. ನನ್ನ ತಾಯಿ, ಅಮ್ಮಿ, ಕಣ್ಣಿನ ಚಿಕಿತ್ಸೆಗೆಂದು ಬಂದು ಉಳಿದಳು. ಕಿವಿ ಮಂದ, ಮಾತು ಜೋರು. ಅವಳು ಬಾಯಿ ತೆರೆದಾಗಲೆಲ್ಲ "ಹಳ್ಳೂ, ಅಮ್ಮಿ, ಹಳ್ಳೂ" ಎಂದು, ಮೆಲ್ಲಗೆ ಮಾತಾಡೆಂದು ತಡೆದೆ. ಕಡೆಗೆ ಅವಳು ಮಾತನ್ನೇ ಬಿಟ್ಟು ಗೋಡೆ ನೋಡುತ್ತ ಕೂತಳು.

ನನಗೆ ಮಾನ್ವಿಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದವಳು ದೇವದುರ್ಗದ ಹುಡುಗಿ, ನಮ್ಮವಳೇ. ಮನೆ ಅವಳಿಗಾಯಿತೆಂದೇ ತಿಳಿದು ಕರೆದುಕೊಂಡು ಹೋದೆ. ಒಡತಿ ಮೂಲೆಮೂಲೆ ನೋಡಿ ಹಿಗ್ಗಿದರು.

"ಕನ್ನಡಿ ಹಂಗ ಇಟ್ಟೀರಿ ನೋಡ್ರಿ! ನೀವು ನಿಮ್ಮೋರಂಗ ಅಲ್ಲ ಬಿಡ್ರಿ. ಆದ್ರ ಎಲ್ಲಾರೂ ನಿಮ್ಮಂಗ ಇರಂಗಿಲ್ಲಲ್ರಿ" ಎನ್ನುತ್ತ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು.

ಮೊದಲಿನವರು ಮಾಡಿದ ಹೊಲಸು ನಮ್ಮೆಲ್ಲರ ಲೆಕ್ಕಕ್ಕೆ, ನಾನು ಉಜ್ಜಿದ್ದು ನನ್ನೊಬ್ಬಳ ಲೆಕ್ಕಕ್ಕೆ. ನಮ್ಮವರು ಎಷ್ಟು ಮಂದಿ ಬಂದು ಬಾಳಿದರೂ ಆ ಮನೆಯಲ್ಲಿ ಎಣಿಕೆ ಒಂದನ್ನು ದಾಟುವುದಿಲ್ಲ.

ಗೇಟು ದಾಟಿದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು: "ಆಪಾ, ನಾನೂ ಹೊಲಸು ಮಾಡಂಗಿಲ್ಲ ಅಂತ ಮೊದ್ಲೇ ಹೇಳಬೇಕಿತ್ತೇನ್ರಿ?"