ಉಡಿದಾರದ ಕೆಳಗೆ

ವೇಲಚೇರಿಯ ನಮ್ಮ ಡಾಕ್ಟರಮ್ಮ ಯಾರ ಫೈಲನ್ನೂ ಮೊದಲು ಬಿಚ್ಚಿದವರಲ್ಲ. ಅದನ್ನು ಮೊಣಕೈಯಿಂದ ಮೇಜಿನ ಅಂಚಿಗೆ ತಳ್ಳಿ, ಪುಟ್ಟ ಟಾರ್ಚನ್ನು ಕೈಗೆತ್ತಿಕೊಂಡು, "ರಿಪೋರ್ಟು ಅಪ್ಪುರಂ, ಮೊದಲು ಆಳನ್ನ ನೋಡೋಣ" ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳುತ್ತಿದ್ದರು.

ಅಪ್ಪನಿಗೆ ಒಂಬತ್ತು ದಿನದಿಂದ ಜ್ವರ. ಡೆಂಗಿ ಅಲ್ಲ, ಮಲೇರಿಯಾ ಅಲ್ಲ; ಟೈಫಾಯ್ಡ್ ಇರಬಹುದೆಂದು ಬೇರೆ ಕಡೆ ಕೊಟ್ಟ ಮಾತ್ರೆ ನಾಟಲಿಲ್ಲ. ಆಗಲೇ ಏದುಸಿರು ಬರುತ್ತಿತ್ತು.

"ಎಲ್ಲಾ ಟೆಸ್ಟೂ ಆಗಿದೆ ಮೇಡಂ" ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

ಅವರು ಕಿವಿಯ ಹಿಂದೆ, ಕಂಕುಳಲ್ಲಿ ಟಾರ್ಚು ಬಿಟ್ಟು ನೋಡಿದರು. ಸೊಂಟದ ಉಡಿದಾರಕ್ಕೆ ಬೆರಳು ತಾಗಿಸಿದ್ದೇ ತಡ, ಅಪ್ಪ ಅದನ್ನು ಬಿಗಿಯಾಗಿ ಹಿಡಿದುಕೊಂಡರು.

"ಅದನ್ನ ಬಿಚ್ಚೋ ಹಾಗಿಲ್ಲ ತಾಯಿ. ಹೆಣದ್ದು ಮಾತ್ರ ಬಿಚ್ಚೋದು."

"ಹಾಗಾಗಬಾರದು ಅಂತಲೇ ನೋಡ್ತಿರೋದು ಸಾರ್. ಬಿಚ್ಚಬೇಡಿ, ಕೊಂಚ ಮೇಲೆ ಸರಿಸಿ."

ದಾರದಡಿ ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಹಕ್ಕಳೆ. ಡಾಕ್ಟರಮ್ಮನ ಮುಖ ಅರಳಿತು. "ಸಿಕ್ಕಿಬಿಟ್ಯಾ! ಹುಲ್ಲು, ಗಿಡ ಅಂತ ಎಲ್ಲಿ ಓಡಾಡಿದ್ರಿ ಸಾರ್?"

ಗಣಪತಿಗೆ ಗರಿಕೆ ಕೀಳಲು ಅಪ್ಪ ದಿನಾ ನಮ್ಮ ಫ್ಲಾಟಿನ ಹಿಂದಿನ ಖಾಲಿ ಸೈಟಿನಲ್ಲಿ ಕೂರುತ್ತಿದ್ದರು. ಅಲ್ಲಿ ಇಲಿಗಳದೇ ರಾಜ್ಯ. ಇಲಿಯ ಮೈಗೆ ಅಂಟುವ, ಕಣ್ಣಿಗೆ ಕಾಣದಂಥ ನುಸಿ ಕಚ್ಚಿದ ಗುರುತಂತೆ ಅದು. ಜ್ವರದ ಹೆಸರು ಸ್ಕ್ರಬ್ ಟೈಫಸ್. ಅಂದೇ ಬೇರೆ ಮಾತ್ರೆ ಶುರುವಾಯಿತು. ಮೂರನೆಯ ದಿನ ಜ್ವರ ಬಿಟ್ಟು ಅಪ್ಪ ತಿಳಿಸಾರು ಕೇಳಿದರು.

ಎರಡು ವಾರದ ಮೇಲೆ ಕ್ಲಿನಿಕ್ಕಿಗೆ ಅಪ್ಪ ನಡೆದೇ ಬಂದರು. ನಾನು ಹೊಸ ರಿಪೋರ್ಟನ್ನು ಮೇಜಿನ ಮೇಲಿಟ್ಟೆ. ಡಾಕ್ಟರಮ್ಮನ ಮೊಣಕೈ ಅಲುಗುವ ಮೊದಲೇ ಅಪ್ಪ ಅದನ್ನು ಅಂಚಿಗೆ ತಳ್ಳಿ ಎದ್ದು ನಿಂತರು. ತಾವೇ ಉಡಿದಾರ ಮೇಲಕ್ಕೆ ಸರಿಸಿ, "ಮೊದಲು ಆಳನ್ನ ನೋಡಿ ತಾಯಿ" ಎಂದರು.