ಸದಲಗಾದವರ ಲೆಕ್ಕ

ಜನ್ಮದಲ್ಲಿ ಯಾರ ಹತ್ತಿರವೂ ಕೈಗಡ ಕೇಳದ ನನ್ನ ಮಾವನವರನ್ನು ಮೂರು ವರ್ಷ ನನ್ನ ತವರಿನ ಸಾಲಗಾರರನ್ನಾಗಿ ಮಾಡಿಟ್ಟವಳು ನಾನು. ಆ ಸಾಲ ಇರಲೇ ಇಲ್ಲ. ನಾನೇ ಬರೆದೆ — ನೀಲಿ ಪೆನ್ನಿನಲ್ಲಿ, ಅಡಿಗೆರೆ ಎಳೆದು, ಚೆಂದದ ಅಕ್ಷರದಲ್ಲಿ. ಮೊದಲ ಒಂದು ತಿಂಗಳು ಆ ಮೊತ್ತ ನಿಜಕ್ಕೂ ಯಾರದೆಂದು ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತೆನಲ್ಲ, ನಾನು ಒಪ್ಪಿಕೊಳ್ಳಬೇಕಾದದ್ದು ಅದನ್ನು.

ನನ್ನ ತವರು ಸದಲಗಾ, ಕೊಟ್ಟ ಮನೆ ಉಗಾರ ಬುದ್ರುಕ. ನನ್ನ ಮದುವೆಯ ಊಟದಲ್ಲಿ ಕೊನೆಯ ಪಂಕ್ತಿಗೆ ಶ್ರೀಖಂಡ ಸಾಲಲಿಲ್ಲ. ಆ ಪಂಕ್ತಿಯಲ್ಲಿ ಬೇರೆ ಯಾರು ಬೇಕಾದರೂ ಕೂತಿರಬಹುದಿತ್ತು — ಕೂತಿದ್ದವರು ನನ್ನ ಮಾವ. ತಮ್ಮ ಕಡೆಯವರನ್ನೆಲ್ಲ ಮೊದಲು ಉಣ್ಣಿಸಿ, ದೊಡ್ಡಸ್ತಿಕೆಯಿಂದ ಕೊನೆಗೆ ಕೂತು, ಬರೀ ಪೂರಿ ತಿಂದು ಎದ್ದರು. ಅಂದಿನಿಂದ ಮನೆಯಲ್ಲಿ ಉಪ್ಪು ಮುಗಿದರೂ, ಕರೆಂಟು ಹೋದರೂ ಅವರ ಬಾಯಲ್ಲಿ ಒಂದೇ ಮಾತು: “ಸದಲಗಾದವರ ಲೆಕ್ಕ.” ಬಂದ ಅತಿಥಿಯ ಮುಂದೆ ಚಹಾಕ್ಕಿಂತ ಮೊದಲು ಶ್ರೀಖಂಡದ ಕಥೆ ಬರುತ್ತಿತ್ತು. ಅಡುಗೆಮನೆಯಲ್ಲಿ ನಿಂತು ನಾನು ಹಲ್ಲು ಕಡಿಯುತ್ತಿದ್ದೆ.

ಹೀಗಿರುವಾಗ ಚಿಕ್ಕೋಡಿಯಲ್ಲಿ ರೈತ ಮಹಿಳೆಯರಿಗೆ ಒಂದು ತರಬೇತಿ ಇಟ್ಟರು. ಒಕ್ಕಲುತನವನ್ನೂ ಅಂಗಡಿಯ ಹಾಗೆ ಲೆಕ್ಕವಿಟ್ಟು ನಡೆಸುವುದು ಹೇಗೆ, ಅದರ ಬ್ಯಾಲೆನ್ಸ್ ಶೀಟ್ ಬರೆಯುವುದು ಹೇಗೆ ಎಂಬ ಪಾಠ. ನನ್ನನ್ನು ಕಳಿಸಿದವರು ಮಾವನೇ.

“ಹೋಗಿ ಬಾ ಬೇ. ಸದಲಗಾದವರೂ ಒಮ್ಮೆ ಲೆಕ್ಕ ಕಲೀಲಿ.”

ಕಲಿತೆ. ಎಡಗಡೆ ನಮ್ಮದೆಂದು ಇರುವುದೆಲ್ಲ, ಬಲಗಡೆ ನಾವು ಕೊಡಬೇಕಾದದ್ದೆಲ್ಲ. ಕೊನೆಗೆ ಎರಡೂ ಕಡೆಯ ಮೊತ್ತ ಸಮ ಬರಬೇಕು, ಬರದಿದ್ದರೆ ಎಲ್ಲೋ ತಪ್ಪಾಗಿದೆ ಎಂದರು ಕಲಿಸುವ ಮೇಡಂ. ಸಮ ಬರುವುದು ಹೇಗೆ ಎಂದು ಅವರು ಹೇಳುವ ಹೊತ್ತಿಗೆ ಸರಿಯಾಗಿ ಬಿಸಿ ಮಿರ್ಚಿ ಭಜಿ ಬಂತು. ನಾನು — ಹೇಳಲು ನಾಚಿಕೆ — ಎರಡನೆಯ ತಟ್ಟೆಗಾಗಿ ಎದ್ದು ಹೋಗಿದ್ದೆ.

ಊರಿಗೆ ಬಂದು ಮಾವನನ್ನು ಎದುರಿಗೆ ಕೂರಿಸಿಕೊಂಡು ನಮ್ಮ ಮನೆಯ ಶೀಟ್ ಬರೆಯಲು ಕೂತೆ. “ಹೊಲಕ್ಕ ಕಿಮ್ಮತ್ತು ಹಚ್ಚಬ್ಯಾಡ. ಅದು ಮಾರೂದಲ್ಲ,” ಎಂದರು. ಹೊಲ ಬಿಟ್ಟೆ. ನಿಂತ ಕಬ್ಬು, ಕಾರ್ಖಾನೆಯಿಂದ ಬರಬೇಕಾದ ಬಿಲ್ಲು, ಆ ವರ್ಷವೇ ನನ್ನ ಗಂಡ ತಂದ ಟ್ರ್ಯಾಕ್ಟರ್, ಎಮ್ಮೆಗಳು, ಪಂಪು, ಮಾವನ ಜೋಡಿ ಎತ್ತು ಸರ್ಜಾ ಮತ್ತು ರಾಜಾ — ಎಲ್ಲ ಎಡಗಡೆ. ಟ್ರ್ಯಾಕ್ಟರಿನ ಹಾಗೆ ದುಡಿಯುವ ಎತ್ತುಗಳಿಗೂ, ಹಳತಾದಷ್ಟೂ ಬೆಲೆ ಇಳಿಯುತ್ತದೆಂದು, ವರ್ಷಕ್ಕಿಷ್ಟು ಸವಕಳಿ ಕಳೆಯಬೇಕು ಎಂದೆ. ಮಾವ ಕೊಟ್ಟಿಗೆಯ ಕಡೆ ನೋಡಿ ದನಿ ತಗ್ಗಿಸಿದರು: “ಸಾವಕಾಶ ಹೇಳು. ಅವಕ್ಕ ಕೇಳೀತು.”

ಬಲಗಡೆ ಸಂಘದ ಬೆಳೆಸಾಲ, ಟ್ರ್ಯಾಕ್ಟರಿನ ಸಾಲ, ಗೊಬ್ಬರದ ಅಂಗಡಿಯ ಬಾಕಿ. ಅಷ್ಟೇ. ಮುಗಿದೇ ಹೋಯಿತು. ಎಡಗಡೆ ನೋಡಿದರೆ ಇನ್ನೊಂದು ಟ್ರ್ಯಾಕ್ಟರ್ ಬರುವಷ್ಟು ಹೆಚ್ಚು. ಮತ್ತೆ ಕೂಡಿಸಿದೆ, ಮತ್ತೆ ಅಷ್ಟೇ. ಸಮ ಬರಲಿಲ್ಲ ಎಂದರೆ ಮಾವ ಏನೆನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವರು ಎತ್ತುಗಳಿಗೆ ನೀರು ಕುಡಿಸಲು ಎದ್ದು ಹೋದಾಗ, ಯಾರೂ ಹೋಗಿ ವಿಚಾರಿಸಲಾರದ ಒಂದು ಹೆಸರು ಹುಡುಕಿ ಬಲಗಡೆ ಬರೆದೆ — ಸದಲಗಾದ ಅಪ್ಪನಿಂದ ಕೈಗಡ. ಕಡಿಮೆ ಬಿದ್ದಷ್ಟೂ ಅಲ್ಲೇ ತುಂಬಿಸಿದೆ. ಎರಡೂ ಕಡೆ ಸಮ ಬಂತು.

ಮಾವ ತಿರುಗಿ ಬಂದ ಮೇಲೆ ಜಂಭದಿಂದ ಓದಿ ಹೇಳಿದೆ.

“ಕಡೀದ್ದು ಮತ್ತೊಮ್ಮೆ ಓದು.”

ಓದಿದೆ. ಟ್ರ್ಯಾಕ್ಟರ್ ತರುವಾಗ ಮುಂಗಡದ ದುಡ್ಡು ಮಗ ಎಲ್ಲಿಂದ ತಂದನೆಂದು ಅವರು ಕೇಳಿರಲಿಲ್ಲ. ಈಗ ಉತ್ತರ ಸಿಕ್ಕಿತೆಂದುಕೊಂಡರು. “ಇದು ನನಗ ಗೊತ್ತಾತಂತ ಅವನ ಮುಂದ ಹೇಳಬ್ಯಾಡವಾ. ಹುಡುಗ ನಾಚಕೊಂಡಾನು,” ಎಂದರು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಅವರು ನನ್ನನ್ನು ಮೊದಲ ಸಲ, ಅವ್ವಾ ಎನ್ನುವ ಹಾಗೆ, ‘ವಾ’ ಎಂದಿದ್ದರು, ಸಸಾರದ ‘ಬೇ’ ಎಂದಿರಲಿಲ್ಲ...

ಮರುದಿನ ಚಹಾ ಆದಾಗ “ಮದಲ ಆಕಿ ಕುಡೀಲಿ” ಎಂದರು. ಅತ್ತೆಯವರು ನನ್ನ ಕೈಯಲ್ಲಿದ್ದ ಕಪ್ಪನ್ನು ಹೀಗೆ ನೋಡಿದರು — ಆ ನೋಟ ನೆನೆದರೆ ಈಗಲೂ ನಗು ಬರುತ್ತದೆ. ಶ್ರೀಖಂಡದ ಕಥೆ ಅಂದಿಗೆ ನಿಂತಿತು.

ಒಂದು ತಿಂಗಳ ಮೇಲೆ ಬರೆದದ್ದನ್ನು ತೋರಿಸಲು ಮತ್ತೆ ಚಿಕ್ಕೋಡಿಗೆ ಕರೆದಿದ್ದರು. ಮೇಡಂ ನನ್ನ ಶೀಟ್ ನೋಡಿ ಬಲಗಡೆ ಬೆರಳಿಟ್ಟರು. “ಎಲ್ಲಾ ಬರದೀರಿ, ನಿಮ್ಮ ಸ್ವಂತದ್ದು ಎಲ್ಲೈತ್ರಿ? ಇರೋದ್ರಾಗ ಕೊಡೂದು ಕಳದ್ರ ಉಳಿಯೂದು ನಿಮ್ಮದು. ಅದನ್ನ ಇಲ್ಲಿ ಬರೀಬೇಕು, ಆಗ ಎರಡೂ ಕಡೆ ಸಮ ಆಗತಾವ.” ಆಗ ಹೊಳೆಯಿತು. ಅಪ್ಪನ ಹೆಸರಿನಲ್ಲಿ ನಾನು ಬರೆದದ್ದು ಸಾಲವಲ್ಲ, ಮಾವ ಜೀವಮಾನವಿಡೀ ಗಳಿಸಿ ಉಳಿಸಿದ್ದು. ಹೇಳಿಬಿಡಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಮನೆಗೆ ಬಂದರೆ ಮೊದಲ ಕಪ್ಪು ಚಹಾ ನನಗಾಗಿ ಮುಚ್ಚಿಟ್ಟಿದ್ದರು. ಕುಡಿದೆ. ಹೇಳಲಿಲ್ಲ.

ಮುಂದಿನದು ನನ್ನ ಕೈಮೀರಿತು ಎನ್ನಲಾರೆ. ಕೈಯಲ್ಲೇ ಇತ್ತು, ಬಿಟ್ಟೆ. ಬಾಯಿಬಿಟ್ಟು ಸಾಲದ ಮಾತಾಡಲು ಮಾವನ ಮಾನ ಒಪ್ಪಲಿಲ್ಲ. ದೀಪಾವಳಿಗೆ ಸದಲಗಾಕ್ಕೆ ಬೆಲ್ಲದ ಪೆಂಟಿಗಳನ್ನು ಕಳಿಸಿದರು. ಆಮೇಲೆ ತುಪ್ಪ. ಆಮೇಲೆ ಒಂದು ಗಬ್ಬದ ಎಮ್ಮೆ. ಅಪ್ಪನಿಗೆ ಎದೆಯುಬ್ಬಿತು — ಇಷ್ಟು ವರ್ಷ ಹಂಗಿಸಿದ ಬೀಗರು ಎಮ್ಮೆ ಕಳಿಸಿದ್ದಾರೆ. ಅವನೇನು ಕಡಿಮೆಯೇ? ಧೋತರದ ಜೋಡಿ ಕಳಿಸಿದ, ಗೋದಿಯ ಚೀಲ ಕಳಿಸಿದ, ಕಡೆಗೊಂದು ಕಬ್ಬಿಣದ ತಿಜೋರಿ ಗಾಡಿಯಲ್ಲಿ ಬಂದು ಇಳಿಯಿತು. ತಿಜೋರಿ ನೋಡಿ ಮಾವ ಕಟ್ಟೆಯ ಮೇಲೆ ಕುಸಿದು ಕೂತರು.

“ಇದನ್ನೂ ಬರಕೋವಾ. ಬಲಗಡಿ.”

ಬರೆದುಕೊಂಡೆ. ಹೌದು, ಅದನ್ನೂ ಬರೆದುಕೊಂಡೆ.

ಅಪ್ಪ ಬಂದಾಗ ಮಾವ ಮಂಚ ಬಿಟ್ಟುಕೊಟ್ಟು ತಾವು ನೆಲದ ಮೇಲೆ ಕೂರುತ್ತಿದ್ದರು. ಅಪ್ಪ ಪಾಪ, ಮೊದಮೊದಲು ಸಂಕೋಚಪಟ್ಟ. ಆಮೇಲೆ ಕಾಲ ಮೇಲೆ ಕಾಲು ಹಾಕುವುದನ್ನು ಕಲಿತ. ನನ್ನ ಗಂಡ ಕೇಳಿದಾಗ “ಬೀಗರ ಪ್ರೀತಿ, ನಿಮಗ್ಯಾಕ” ಎಂದೆ. ಊರ ಕಟ್ಟೆಗೆ ಹೋಗಿ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದ ಮಾವ ಅಲ್ಲಿಗೆ ಹೋಗುವುದನ್ನು ಬಿಟ್ಟರು. ಅದು ನನಗೆ ಕಾಣಲಿಲ್ಲವೆಂದಲ್ಲ. ಕಂಡಿತು. ವಯಸ್ಸಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ವರ್ಷ ಒಂದು ಮುಂಜಾನೆ ಅವರು ಸರ್ಜಾ, ರಾಜಾರನ್ನು ಹೊಡೆದುಕೊಂಡು ಹೊರಟರು. ಲಾಳ ಹೊಡೆಸಲು ಎಂದುಕೊಂಡೆ. ಸಂಜೆ ಬರೀ ಹಗ್ಗ ಹಿಡಿದು ಬಂದರು. ಉಣ್ಣಲಿಲ್ಲ. ಆ ಸಂಜೆಯೂ ನಾನು ಹೇಳಲಿಲ್ಲ — ಹೇಳಿದ್ದರೆ ಅವನ್ನು ತಿರುಗಿ ತರಬಹುದಿತ್ತು, ಕೊಂಡವನು ಇನ್ನೂ ಹತ್ತಿರದಲ್ಲೇ ಇದ್ದ.

ಮರುದಿನ ಎತ್ತಿನ ದುಡ್ಡನ್ನು ಟವೆಲ್ಲಿನಲ್ಲಿ ಕಟ್ಟಿ, ಸದಲಗಾಕ್ಕೆಂದು ಚಪ್ಪಲಿ ಮೆಟ್ಟಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಮಾವ, ಆ ಸಾಲ ಇಲ್ಲರಿ.”

“ಯಾವುದು?”

“ನಮ್ಮ ಅಪ್ಪಂದು. ಅದು ಸುಳ್ಳರಿ, ನಾನು ಬರದದ್ದು. ಎರಡೂ ಕಡೆ ಸಮ ಬರವಲ್ದಾಗಿತ್ತು.”

“ಹಂಗಾದ್ರ ಅಷ್ಟೂ ರೊಕ್ಕ ಯಾರದು?”

“ನಿಮ್ಮದರಿ. ಎಲ್ಲಾ ಕೊಟ್ಟ ಮ್ಯಾಲೆ ನಿಮಗ ಉಳಿಯೂದು.”

ಶೀಟ್ ತರಿಸಿದರು. ಅಪ್ಪನ ಹೆಸರಿದ್ದ ಕಡೆ ಹೊಡೆದುಹಾಕಿ ‘ಸ್ವಂತದ್ದು’ ಎಂದು ಬರೆದು ಓದಿದೆ. “ಮತ್ತೊಮ್ಮೆ ಓದು,” ಎಂದರು. ಓದಿದೆ. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಇದೆಲ್ಲಾ ನಂದ ಇತ್ತಂದ್ರ, ಮೂರ ವರ್ಷ ನಾ ನೆಲದ ಮ್ಯಾಲೆ ಯಾಕ ಕುಂತೆ?”

ನನಗೆ ಉತ್ತರ ಗೊತ್ತಿತ್ತು. ದಿನಕ್ಕೊಂದು ಕಪ್ಪು ಚಹಾಕ್ಕಾಗಿ. ಅದನ್ನು ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಎತ್ತುಗಳನ್ನು ಹುಡುಕಿಕೊಂಡು ಮಾವ, ನನ್ನ ಗಂಡ ಇಬ್ಬರೂ ಅಥಣಿಯವರೆಗೆ ಅಲೆದರು. ಕೊಂಡವನು ಅವನ್ನು ಗಡಿಯಾಚೆಗೆ ಮಾರಿಬಿಟ್ಟಿದ್ದ. ನನ್ನ ಅಪ್ಪನಿಗೂ ಎಲ್ಲ ಹೇಳಿದೆ. ಅವನು ತಲೆಯ ಮೇಲೆ ಕೈಹೊತ್ತು ಕೂತು ಕೇಳಿದ: “ಎಮ್ಮಿ ಹಾಲು ಭಾಳ ಚಲೋ ಐತಿ. ಅದನ್ನೂ ತಿರುಗಿ ಕೊಡಬೇಕೇನ?”

ಮಾವ ಆಮೇಲೂ ನನ್ನೊಡನೆ ಮೆತ್ತಗೇ ಮಾತಾಡಿದರು. ಉಪ್ಪು ಮುಗಿದರೂ ಏನೂ ಅನ್ನಲಿಲ್ಲ. ಆ ಮೌನ ತಡೆಯಲಾರದೆ, ಎತ್ತುಗಳನ್ನು ಸಿಂಗರಿಸಿ ಪೂಜಿಸುವ ಕಾರಹುಣ್ಣಿಮೆ ಈ ಸಲ ಬಂದಾಗ ನಾನು ಅಪ್ಪನನ್ನು ಊಟಕ್ಕೆ ಕರೆದೆ. ಮಂಚ ಎತ್ತಿಸಿ ಇಬ್ಬರಿಗೂ ಒಂದೇ ಚಾಪೆ ಹಾಸಿದೆ. ಶ್ರೀಖಂಡ ಮಾಡಿದೆ — ಬೇಕೆಂದೇ ಕಡಿಮೆ. ಮೊದಲು ಅಪ್ಪನಿಗೆ ಬಡಿಸಿ, ಮಾವನ ತಾಟಿನ ಹತ್ತಿರ ಬಂದು ಖಾಲಿ ಪಾತ್ರೆ ಬಗ್ಗಿಸಿ ತೋರಿಸಿದೆ.

ಮಾವ ಪಾತ್ರೆ ನೋಡಿದರು. ನನ್ನ ಮುಖ ನೋಡಿದರು. ಬಾಗಿಲಾಚೆ ಕೊಟ್ಟಿಗೆಯಲ್ಲಿ ಹಬ್ಬದ ದಿನವೂ ಖಾಲಿ ನಿಂತ ಎರಡು ಗೂಟಗಳನ್ನು ನೋಡಿದರು. ಆಮೇಲೆ ಬೀಗರ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ತಮ್ಮ ಹಳೆಯ ದೊಡ್ಡ ದನಿಯಲ್ಲಿ ಹೇಳಿದರು:

“ನೋಡ್ರಿ ಬೀಗರ, ಸದಲಗಾದವರ ಲೆಕ್ಕ.”

ನಾನು ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದೆ. ಅವತ್ತಿನ ಚಹಾ ಎಲ್ಲರದೂ ಆದ ಮೇಲೆ ಕುಡಿದೆ.