ಪೆಟ್ಟಿಗೆ ಕೈಕೊಟ್ಟ ಸಂಜೆ

ಈಗ ಅವನ ಶೋಗೆ ಟಿಕೆಟ್ ಸಿಗುವುದಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ದೊಡ್ಡ ಹಾಲ್ ತುಂಬಿಸುತ್ತಾನೆ. ರ‍್ಯಾಪ್ ಹೇಳುತ್ತಾನೆ, ಗಿಟಾರ್, ಕೀಬೋರ್ಡ್, ಡ್ರಮ್ಸ್ ಬಾರಿಸುತ್ತಾನೆ, ಕಾರ್ನೆಟ್ ಎನ್ನುವ ಗಿಡ್ಡ ತುತ್ತೂರಿ ಊದುತ್ತಾನೆ. ಇದು ರ‍್ಯಾಪೋ, ಜಾಝೋ, ಬ್ರಾಸ್ ಬ್ಯಾಂಡೋ ಎಂದು ಬರೆಯುವವರು ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಕೆಡಿಸಿಕೊಂಡಿಲ್ಲ. ನಾನು ಅವನ ಸಾಮಾನು ಹೊತ್ತವನು.

ಅವನ ತಾಯಿ ದಾವಣಗೆರೆಯವರು, ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಡಾಕ್ಟರ್. ನನ್ನ ಅಮ್ಮನೂ ಕನ್ನಡದವಳೇ, ಅವರ ವಾರ್ಡಿನಲ್ಲೇ ನರ್ಸ್. ಅವನ ಅಪ್ಪ ಯಾರ್ಕ್‌ಶೈರ್‌ನ ಬಿಳಿಯ. ಕಾರ್ನೆಟ್ ಆ ಕಡೆಯ ಅಜ್ಜ ಕಲಿಸಿದ್ದು. ಅವರು ಗಣಿ ಕಾರ್ಮಿಕರ ಬ್ಯಾಂಡಿನಲ್ಲಿ ಊದುತ್ತಿದ್ದರಂತೆ. ನಾನು ಹದಿನಾರಕ್ಕೇ ಶಾಲೆ ಬಿಟ್ಟು ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದೆ. ಅವನಿಗೆ ವ್ಯಾನ್ ಬೇಕಿತ್ತು. ಸ್ನೇಹ ಆದದ್ದು ಹಾಗೆ. ಹೊರಗಿನವರ ಹತ್ತಿರ ಅವನದು ಇಂಗ್ಲಿಷ್, ತಾಯಿಯ ಹತ್ತಿರ, ನನ್ನ ಹತ್ತಿರ ಮುರುಕು ಕನ್ನಡ.

ಅವನಿಗೆ ಇನ್ನೂ ಹೆಸರು ಬಂದಿರದ ಕಾಲ, ಒಂದು ಸಲ ಲೀಡ್ಸ್‌ನಲ್ಲಿ ಒಂದು ಹೆಸರಾದ ಬ್ಯಾಂಡಿನ ಶೋಗಿಂತ ಮುಂಚೆ ಹಾಡಲು ಅರ್ಧ ಗಂಟೆ ಸಿಕ್ಕಿತ್ತು. ಆ ಬ್ಯಾಂಡಿನ ಮ್ಯಾನೇಜರ್ ಒಬ್ಬ ಹೆಂಗಸು. ಅವಳಿಗೆ ಹಿಡಿಸಿದರೆ ಇಡೀ ಟೂರ್‌ಗೆ ಕರೆದುಕೊಂಡು ಹೋಗುತ್ತಾಳೆ. ಇಲ್ಲವಾದರೆ ಮತ್ತೆ ಪಬ್ಬಿನ ಮೂಲೆ. ಪಬ್ಬಿನ ಮೂಲೆಯಲ್ಲಿ ಅವನಿಗೆ ಆಗಲೇ ಏಳು ವರ್ಷ ಆಗಿತ್ತು.

ಅವನು ಒಬ್ಬನೇ ಇಡೀ ಬ್ಯಾಂಡ್ ಆಗುತ್ತಿದ್ದದ್ದು ಒಂದು ಪೆಟ್ಟಿಗೆಯಿಂದ. ಗಿಟಾರ್ ಬಾರಿಸಿ ಕಾಲಲ್ಲಿ ಒತ್ತಿದರೆ ಪೆಟ್ಟಿಗೆ ಅದನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಅದರ ಮೇಲೆ ಕೀಬೋರ್ಡ್, ಅದರ ಮೇಲೆ ಇನ್ನೊಂದು. ಹೀಗೆ ಗೋಡೆ ಕಟ್ಟಿದ ಹಾಗೆ ಕಟ್ಟಿ, ಮೇಲೆ ನಿಂತು ರ‍್ಯಾಪ್ ಹೇಳುತ್ತಿದ್ದ.

ಎರಡನೇ ಹಾಡಿನ ನಡುವೆ ಪೆಟ್ಟಿಗೆ ಚರ್ ಎಂದು ಸತ್ತಿತು. ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ನಾನು ಸ್ಟೇಜಿಗೆ ಓಡಿ ಮೊಣಕಾಲೂರಿ ಪೆಟ್ಟಿಗೆಗೆ ಹೋಗುವ ಕೇಬಲ್ ಬದಲಿಸಿದೆ. ಅದೂ ಸತ್ತಿತ್ತು. ಇನ್ನೊಂದು ಹಾಕಿದೆ. ಅದೂ ಅಷ್ಟೇ.

ಅವನು ಮೈಕ್ ಮುಚ್ಚಿ ಬಗ್ಗಿದ. "ಏನಾಯ್ತೋ?"

"ಕೇಬಲ್ ಸತ್ತೋಗಿದೆ."

"ಎಲ್ಲಾ?"

"ಎಲ್ಲಾ."

"ಸರಿ. ಅಲ್ಲೇ ಕೂತಿರು. ಮುಖ ಮಾತ್ರ ಹಂಗೆ ಮಾಡ್ಬೇಡ, ಜನ ಹೆದರ್ತಾರೆ."

ಹೋಗಿ ಡ್ರಮ್ಸ್ ಮುಂದೆ ಕೂತ. ದಪ್ಪ ಡ್ರಮ್ ಒಂದನ್ನೇ ಕಾಲಲ್ಲಿ ಹೊಡೆದ. ಜನಕ್ಕೆ ಕೈ ತೋರಿಸಿದ, ನೆಲ ತುಳಿಯಿರಿ ಅಂತ. ಮೊದಲು ಮುಂದಿನ ಸಾಲು ತುಳಿಯಿತು, ಆಮೇಲೆ ಇಡೀ ಹಾಲ್. ಅವನು ಎದ್ದು ಬಂದ. ತುಳಿತ ನಿಲ್ಲಲಿಲ್ಲ. ಬರೀ ಮೈಕ್ ಹಿಡಿದು ರ‍್ಯಾಪ್ ಶುರು ಮಾಡಿದ. ಜನ ಬೇಗ ಬೇಗ ತುಳಿದರೆ ಮಾತೂ ಬೇಗ. ಜನ ನಿಧಾನವಾದರೆ ಮಾತೂ ನಿಧಾನ. ಕೊನೆಗೆ ಕಾರ್ನೆಟ್ ಎತ್ತಿದ. ಅದಕ್ಕೆ ಕೇಬಲ್ ಬೇಡವಲ್ಲ. ನನ್ನ ಮೊಣಕಾಲಡಿ ಹಲಗೆ ಗುಡುಗುತ್ತಿತ್ತು. ಅದರ ಮೇಲೆ ಆ ಒಂದು ಸ್ವರ ಉದ್ದಕ್ಕೆ ಹೋಯಿತು. ಕೈಯಲ್ಲಿ ಸತ್ತ ಕೇಬಲ್ ಹಿಡಿದು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಒಬ್ಬ ಮನುಷ್ಯನ ಕೈಯಲ್ಲಿ ಇದೆಲ್ಲ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮುಗಿದ ಮೇಲೆ ಮ್ಯಾನೇಜರ್ ಸ್ಟೇಜಿನ ಹಿಂದಿನ ಕೋಣೆಗೆ ಬಂದಳು. ಅವನು ಬೇಕೆಂದೇ ಹಾಗೆ ಮಾಡಿದ ಅಂದುಕೊಂಡಿದ್ದಳು. "ಕೊನೆಗೆ ಮಾಡಿದೆಯಲ್ಲ, ಅದನ್ನ ಪೆಟ್ಟಿಗೆ ಇಲ್ಲದೆ ದಿನಾ ಮಾಡ್ತೀಯಾ? ಮಾಡೋದಾದ್ರೆ ಶುಕ್ರವಾರ ಬರ್ಮಿಂಗ್‌ಹ್ಯಾಮ್‌ಗೆ ಬಾ. ಅಲ್ಲಿ ಇದೇ ಥರ ಆಗಲಿಲ್ಲ ಅಂದ್ರೆ ಟೂರ್ ಅಲ್ಲಿಗೇ ಮುಗೀತು."

"ಮಾಡ್ತೀನಿ," ಅಂದ.

ವ್ಯಾನಿನಲ್ಲಿ ಮೋಟರ್‌ವೇ ಹತ್ತಿದೆವು. ಅವನು ಕೇಳಿದ, "ಕೇಬಲ್ ಹೆಂಗ್ ಸುತ್ತಿದ್ದೆ?"

"ಮೊಳಕೈಗೆ." ಅಮ್ಮ ಬಟ್ಟೆ ಒಣಗಿಸುವ ಹಗ್ಗ ಸುತ್ತುವ ಹಾಗೆ, ಅಂಗೈಯಿಂದ ಮೊಳಕೈಗೆ ಬಿಗಿಯಾಗಿ. ಹಾಗೆ ಸುತ್ತಿದರೆ ಒಳಗಿನ ತಾಮ್ರ ತಿರುಚಿ ಮುರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

"ಮೂರು ಸಲ ತೋರ್ಸಿದ್ದೆ, ಈಡಿಯಟ್. ಸಡಿಲ ಸುತ್ತು, ಒಂದು ಹಿಂಗೆ, ಒಂದು ಉಲ್ಟಾ."

"ಅದು ಲೇಟ್ ಆಗತ್ತೆ ಕಣೋ. ಸಾರಿ."

"ಸಾರಿ ಬೇಡ. ನಾಳೆ ಮನೆಗೆ ಬಾ. ಗಟ್ಟಿ ಶೂ ಹಾಕ್ಕೊಂಡ್ ಬಾ."

"ಒದೀತೀಯಾ?"

"ತುಳೀಬೇಕು ನೀನು. ದಿನಾ ಮಾಡ್ತೀನಿ ಅಂದ್ಬಿಟ್ಟೆ. ಹೆಂಗ್ ಮಾಡಿದೆ ಅಂತ ನಂಗೇ ಗೊತ್ತಿಲ್ಲ."

ಮಾರನೇ ದಿನ ಅವರ ಮನೆಯ ಗರಾಜಿನಲ್ಲಿ ತುಳಿದೆ. ಅವನು ರ‍್ಯಾಪ್ ಹೇಳಿದ, ತಪ್ಪಿದ, ಮತ್ತೆ ಹೇಳಿದ. ಹತ್ತು ಸಲ, ಇಪ್ಪತ್ತು ಸಲ. ಆಮೇಲೆ ನನ್ನನ್ನೇ ಬೈದ. "ತುಂಬಾ ಕರೆಕ್ಟ್ ತುಳೀತಿದ್ದೀಯ. ಜನ ಹಿಂಗ್ ತುಳಿಯಲ್ಲ. ಓಡ್ತಾರೆ, ನಿಲ್ತಾರೆ, ಬಿಯರ್ ಕುಡೀತಾರೆ. ಕೆಟ್ಟದಾಗ್ ತುಳಿ."

ಕೆಟ್ಟದಾಗಿ ತುಳಿಯುವುದು ಸುಲಭವಲ್ಲ. ಅವನ ಮಾತು ಮತ್ತೆ ಮತ್ತೆ ಜಾರಿಬಿತ್ತು. ಕಾರ್ನೆಟ್ ಒತ್ತಿ ಒತ್ತಿ ತುಟಿ ಕೆಂಪಾಗಿತ್ತು. ಮಧ್ಯಾಹ್ನ ಅವನ ತಾಯಿ ಶಿಫ್ಟ್ ಮುಗಿಸಿ ಬಂದರು.

"ಏನ್ರೋ ಇದು? ಪಕ್ಕದ್ಮನೆಯವ್ರು ಕೌನ್ಸಿಲ್‌ಗೆ ಫೋನ್ ಮಾಡ್ತಾರೆ ಈಗ."

"ಅಮ್ಮ, ನೀನೂ ತುಳಿ. ಪ್ಲೀಸ್."

"ಬೆಳಿಗ್ಗೆಯಿಂದ ನಿಂತೇ ಇದೀನಿ ಕಣೋ, ಕಾಲು ಬಿದ್ದೋಗ್ತಿದೆ."

"ಹಂಗಾದ್ರೆ ಇನ್ನೂ ಒಳ್ಳೇದು."

ಆಂಟಿ ಬೈದುಕೊಂಡೇ ಬ್ಯಾಗ್ ಇಟ್ಟು ತುಳಿದರು. ಅವರದು ನನ್ನದಕ್ಕೆ ಸೇರಲೇ ಇಲ್ಲ. ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅವನು ಕಣ್ಣು ಮುಚ್ಚಿ ಎರಡೂ ಹೆಜ್ಜೆ ಕೇಳಿಸಿಕೊಂಡ. ಆಮೇಲೆ ಶುರು ಮಾಡಿದ. ನಮ್ಮಿಬ್ಬರ ಹೆಜ್ಜೆಯ ನಡುವೆ ಎಲ್ಲಿ ಜಾಗ ಇದೆಯೋ ಅಲ್ಲೇ ಮಾತು ಬಂದು ಕೂತಿತು. ಒಂದೂ ತಪ್ಪಲಿಲ್ಲ. ಕಾರ್ನೆಟ್ ಎತ್ತಿದ. ಲೀಡ್ಸ್‌ನ ಅದೇ ಸ್ವರ, ಆದರೆ ಈ ಸಲ ಅದು ಎಲ್ಲಿಂದ ಬಂತು ಅಂತ ನಾನು ನೋಡಿದ್ದೆ. ನನ್ನ ತೋಳಿನ ಕೂದಲು ಎದ್ದು ನಿಂತಿತ್ತು, ಕಾಲು ನಿಂತೇಹೋಗಿತ್ತು.

ಆಂಟಿ ನನ್ನ ಪಕ್ಕೆಗೆ ತಿವಿದರು. "ತುಳಿಯೋ, ಅವ್ನಿಗೆ ಶುಕ್ರವಾರ ಶೋ ಇದೆ!"